ಕೈ ಮಾತ್ರ, ಕತ್ತರಿ ಇಲ್ಲ

ಇಷ್ಟಕ್ಕೆಲ್ಲ ಮೂಲ ಒಂದು ಇರುವೆ. ಬೆಳಿಗ್ಗೆ ಮುಖ ಒರೆಸಿಕೊಳ್ಳುವಾಗ ಟವೆಲ್ಲಿನಲ್ಲಿದ್ದದ್ದು ನಮ್ಮ ಸಂಶೋಧಕನ ಎಡಗಣ್ಣಿನ ರೆಪ್ಪೆಗೆ ಕಚ್ಚಿತು. ಲ್ಯಾಬು ತಲುಪುವಷ್ಟರಲ್ಲಿ ರೆಪ್ಪೆ ಅರ್ಧ ಷಟರ್ ಎಳೆದ ಅಂಗಡಿಯ ಹಾಗಾಗಿತ್ತು. ಅವತ್ತೇ ಮೂರು ಗಂಟೆಗೆ ಸಮಿತಿಯ ಮುಂದೆ ಅವನು ಮಾತಾಡಬೇಕು. ಏಳು ವರ್ಷದ ಹಂಗಾಮಿ ಕೆಲಸ ಕಾಯಂ ಆಗುವುದು ಆ ಮಾತಿನ ಮೇಲೆ ನಿಂತಿತ್ತು, ಪಾಪ.

ಅವನು ಓದುತ್ತಿದ್ದದ್ದು ಬ್ಯಾಕ್ಟೀರಿಯಾದ ನರವಿಷ. ಅದು ಒಂದು ತುದಿಯಿಂದ ನರಕೋಶದ ಮೈಮೇಲಿನ ಗ್ರಾಹಕವನ್ನು ಹಿಡಿದು ಒಳಗೆ ನುಗ್ಗುತ್ತದೆ. ಒಳಗೆ ಹೋದ ಮೇಲೆ ಇನ್ನೊಂದು ತುಂಡು ಕತ್ತರಿಯಾಡಿಸಿ, ಸ್ನಾಯುವಿಗೆ ಸುದ್ದಿಯೇ ಹೋಗದ ಹಾಗೆ ಮಾಡುತ್ತದೆ. ಮೊದಲು ಜೋತುಬೀಳುವುದು ಕಣ್ಣಿನ ರೆಪ್ಪೆ. ಆದರೆ ಅವನ ಸೀಸೆಗಳಲ್ಲಿ ಇದ್ದದ್ದು ಬರೀ ಹಿಡಿಯುವ ತುಂಡು, ಏನೂ ಅಪಾಯವಿಲ್ಲದ್ದು. ಲ್ಯಾಬಿನವರು ಅದನ್ನು 'ಕೈ' ಅಂತಲೇ ಕರೆಯುತ್ತಿದ್ದರು.

ಲ್ಯಾಬಿನ ಸಾಮಾನು ಕೋಣೆಯ ಕೆಲಸಕ್ಕೆ ಹೊಸದಾಗಿ ಬಂದಿದ್ದ ಅಕ್ಕ ರೆಪ್ಪೆಯ ಮಾತಷ್ಟೇ ಕೇಳಿದ್ದಳು, ಈ 'ಕೈ' ವಿಷಯ ಅವಳಿಗೆ ಎಲ್ಲಿ ಗೊತ್ತು?

"ರೆಪ್ಪೆ ಜೋತುಬಿದ್ದಿದೆಯಲ್ಲಪ್ಪ. ವಿಷ ತಗುಲಿಸ್ಕೊಂಡ್ಯಾ?"

"ಇರುವೆ ಅಕ್ಕ. ನಮ್ಮ ಹತ್ರ ಇರೋದು ಕೈ ಮಾತ್ರ, ಕತ್ತರಿ ಎಲ್ಲಿದೆ?"

ಅಕ್ಕ ಆಗಲೇ ಫೋನ್ ಎತ್ತಿದ್ದಳು. ಆಸ್ಪತ್ರೆಗೂ ಲ್ಯಾಬಿನ ನಿರ್ದೇಶಕರಿಗೂ ಮುಟ್ಟಿದ ಸುದ್ದಿ: ಕೈಗೆ ಕತ್ತರಿ, ಮೈಗೆ ವಿಷ.

ಅಕ್ಕ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಾಗ, ನರ್ಸು ಏನೂ ಕೇಳುವ ಮೊದಲೇ ಬಲಗೈಗೆ ಬ್ಯಾಂಡೇಜು ಸುತ್ತತೊಡಗಿದಳು.

"ಸಿಸ್ಟರ್, ಕೈಗೆ ನೋವೇ ಇಲ್ಲ."

"ನೋವೂ ಗೊತ್ತಾಗ್ತಿಲ್ವಾ? ಹಾಗಾದ್ರೆ ನರಕ್ಕೇ ಇಳಿದಿದೆ," ಅಂತ ಇನ್ನೆರಡು ಸುತ್ತು ಸುತ್ತಿದಳು.

ಡಾಕ್ಟರು ನಾಲಿಗೆ ಚಾಚಿಸಿದರು, ನೀರು ನುಂಗಿಸಿದರು, ಬೆರಳು ತೋರಿಸಿ ಎಣಿಸಲು ಹೇಳಿದರು. ಕೊನೆಗೆ, ವಿಷ ಹೇಗೆ ಹಿಡಿಯುತ್ತೆ ಅಂತ ಕೇಳಿದರು. ಅಷ್ಟು ಸಾಕಾಯಿತು ಇವನಿಗೆ. ಮೊದಲು ನರಕೋಶದ ಮೇಲಿನ ಸಕ್ಕರೆ ಅಂಟಿದ ಕೊಬ್ಬನ್ನು ಸೆರಗು ಹಿಡಿದಂತೆ ಹಿಡಿಯುತ್ತದೆ, ಆಮೇಲೆ ಪಕ್ಕದ ಪ್ರೋಟೀನಿನ ಮುಂಗೈ, ಎರಡೂ ಸಿಕ್ಕರೇ ಗಟ್ಟಿ ಹಿಡಿತ ಅಂತ ವಿವರಿಸುತ್ತಾ ಗಡಿಯಾರ ಮರೆತ. ಏಳು ವರ್ಷದಲ್ಲಿ ಇಷ್ಟು ಆಸೆಯಿಂದ ಕೇಳಿದವರೇ ಇರಲಿಲ್ಲ, ಬಹಳ ಖುಷಿಯಾಯಿತು.

"ಬೆಟ್ಟ ಅಗೆದು ಇಲಿ ಹಿಡಿದದ್ದು ಕೇಳಿದ್ದೆ. ಇಲ್ಲಿ ಸಿಕ್ಕಿದ್ದು ಇರುವೆ," ಎಂದು ನಕ್ಕು ಡಾಕ್ಟರು 'ಇರುವೆ ಕಡಿತ, ವಿಷ ತಗುಲಿಲ್ಲ' ಅಂತ ಚೀಟಿ ಬರೆದುಕೊಟ್ಟರು. ಗಂಟೆ ನಾಲ್ಕೂವರೆ.

ಏದುಸಿರು ಬಿಡುತ್ತಾ ಅಕ್ಕನೊಂದಿಗೆ ನಿರ್ದೇಶಕರ ಕೋಣೆಗೆ ನುಗ್ಗಿದ.

"ಯಾಕಯ್ಯಾ ಎದ್ದು ಬಂದೆ?" ನಿರ್ದೇಶಕರು ಕುರ್ಚಿ ಎಳೆದುಕೊಟ್ಟರು. "ಕೆಲಸ ಮಾಡ್ತಾ ವಿಷ ತಗುಲಿದವನನ್ನ ಇನ್ನೇನು ಕೇಳೋದು, ಕಾಯಂ ಮಾಡಿ ಅಂತ ಸಮಿತಿಯವರು ಒಪ್ಪಿ ಹೋದ್ರು. ಆಸ್ಪತ್ರೆ ಚೀಟಿ ಲಗತ್ತಿಸಿದ್ರೆ ಆಯ್ತು. ತಂದಿದ್ದೀಯಾ?"

ಅವನು ಜೇಬು ಮುಚ್ಚಿಕೊಳ್ಳಲು ನೋಡಿದ. ಕೈಗೆ ಬ್ಯಾಂಡೇಜು. ಅಕ್ಕ ಮುತುವರ್ಜಿಯಿಂದ ತಾನೇ ಚೀಟಿ ತೆಗೆದು ಕೊಟ್ಟಳು.

ನಿರ್ದೇಶಕರು ಎರಡು ಸಲ ಓದಿದರು. "ಸರಿ. ಸಮಿತಿ ಮತ್ತೆ ಸೇರೋದು ಮುಂದಿನ ವರ್ಷ. ಆಗ ಬಂದು ಮಾತಾಡು."

ಅಕ್ಕ ನೆಮ್ಮದಿಯಿಂದ ಉಸಿರುಬಿಟ್ಟಳು. "ವಿಷ ಇಲ್ಲ ಅಂತಾಯ್ತಲ್ಲ, ಅಷ್ಟು ಸಾಕು ಬಿಡಪ್ಪ."