ಒಂದು ಎದೆ, ಎರಡು ಅಳತೆ

ಅಳತೆಯ ವಿಷಯದಲ್ಲಿ ಮನುಷ್ಯರನ್ನು ನಂಬಬಾರದು, ಯಂತ್ರವನ್ನು ನಂಬಬೇಕು ಎನ್ನುತ್ತಾರೆ. ಹಾಗೆನ್ನುವವರು ಯಾರೂ ಯಂತ್ರದ ಪಕ್ಕದಲ್ಲಿ ಕೂತು ಸಂಬಳ ತೆಗೆದುಕೊಂಡವರಲ್ಲ. ನಾನು ತೆಗೆದುಕೊಳ್ಳುತ್ತೇನೆ. ದಿನಾ ಕುರುಗೋಡಿನಿಂದ ಬಸ್ಸು ಹಿಡಿದು ಬಳ್ಳಾರಿಗೆ ಬಂದು, ಒಂದು ಸ್ಕ್ಯಾನ್ ಸೆಂಟರಿನ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವುದು ನನ್ನ ಉದ್ಯೋಗ. ಬಳ್ಳಾರಿಯ ಬಿಸಿಲಿನಲ್ಲಿ ಸ್ವೆಟರ್ ಹಿಡಿದು ನಡೆಯುವ ಹೆಂಗಸು ನಾನೊಬ್ಬಳೇ ಇರಬೇಕು. ಕೌಲ್ ಬಜಾರಿನ ಆಟೋದವರು ನನಗೆ 'ಸ್ವೆಟರ್ ಮೇಡಂ' ಎಂದೇ ಹೆಸರಿಟ್ಟಿದ್ದಾರೆ.

ಅಲ್ಲಿನ ಎಂಆರ್‌ಐ ಯಂತ್ರದೊಳಗೆ ಮಲಗಿದವರ ಹೃದಯದಲ್ಲಿ ರಕ್ತ ಹರಿಯುವುದು ಪರದೆಯ ಮೇಲೆ ಕಾಣುತ್ತದೆ. ರಕ್ತನಾಳದ ಅಂಚನ್ನು ನಾನು ಮೌಸಿನಿಂದ ಗುರುತಿಸಿಕೊಟ್ಟರೆ, ಎಷ್ಟು ರಕ್ತ ಮುಂದೆ ಹೋಯಿತು, ಸಡಿಲವಾದ ಕವಾಟದಿಂದ ಎಷ್ಟು ಹಿಂದಕ್ಕೆ ಸೋರಿತು ಎಂದು ಸಾಫ್ಟ್‌ವೇರ್ ಹೇಳುತ್ತದೆ. ಸೋರಿಕೆ ಮಿತಿ ದಾಟಿದರೆ ಆಪರೇಷನ್ನಿನ ಮಾತು. ನಮ್ಮಲ್ಲಿ ಇಂಥ ಸಾಫ್ಟ್‌ವೇರ್ ಎರಡಿವೆ, ಹಳೆಯದೊಂದು, ಹೊಸದೊಂದು. ಓರಗಿತ್ತಿಯರಾದರೂ ಅತ್ತೆಯ ವಿಷಯ ಬಂದಾಗ ಒಂದಾಗುತ್ತಾರೆ. ಇವೆರಡೂ ಯಾವ ವಿಷಯಕ್ಕೂ ಒಂದಾದದ್ದನ್ನು ನಾನು ಕಾಣೆ. ಸುಳ್ಳು ಹೇಳುತ್ತವೆ ಎಂದಲ್ಲ, ಲೆಕ್ಕ ಹಾಕುವ ರೀತಿ ಬೇರೆ. ಅದಕ್ಕೇ ನಮ್ಮ ಡಾಕ್ಟರದು ಒಂದು ನಿಯಮ: ಹೋದ ಸಲ ಯಾವುದರಲ್ಲಿ ಅಳೆದೆವೋ, ಆ ರೋಗಿಯನ್ನು ಈ ಸಲವೂ ಅದರಲ್ಲೇ ಅಳೆಯಬೇಕು.

ನಿಯಮ ಮುರಿದದ್ದು ನಮ್ಮ ಮನೆಯವರ ಸಲುವಾಗಿಯೇ. ನನ್ನ ಅಕ್ಕನ ಗಂಡ ಈರಣ್ಣ ಭಾವ ಸಿರುಗುಪ್ಪದಲ್ಲಿ ಭತ್ತದ ದಲ್ಲಾಳಿ. ಅವರ ಕವಾಟ ಸೋರುತ್ತಿತ್ತು. ಹೋದ ವರ್ಷ ಹಳೆಯದರಲ್ಲಿ ಅಳೆದಿದ್ದೆವು. ಈ ವರ್ಷ ಅವರು ಬಂದ ದಿನ ಹಳೆಯ ಕಂಪ್ಯೂಟರ್ ಕೆಟ್ಟು ಕೂತಿತ್ತು. "ಸುಗ್ಗಿ ಟೈಮಿನಾಗ ಮತ್ತ ಬರಾಕ ಆಗಂಗಿಲ್ಲವ್ವ, ಯಾವುದರಾಗರ ಅಳಿ" ಎಂದರು. ಹೊಸದರಲ್ಲಿ ಅಳೆದೆ. ಹೋದ ವರ್ಷಕ್ಕಿಂತ ಕಡಿಮೆ ಬಂತು. "ನೋಡು, ಜ್ವಾಳದ ರೊಟ್ಟಿ ತಿಂದಿದ್ದಕ್ಕ ವಾಸಿ ಆಗೇತಿ" ಎಂದು ಅಕ್ಕನಿಗೆ ಅಲ್ಲಿಂದಲೇ ಫೋನು ಮಾಡಿದರು.

ವಾರದೊಳಗೆ ಹಳೆಯ ಕಂಪ್ಯೂಟರ್ ರಿಪೇರಿಯಾಯಿತು. ಭಾವನ ಅವೇ ಸ್ಕ್ಯಾನ್ ಚಿತ್ರಗಳನ್ನು ಅದರಲ್ಲಿ ಹಾಕಿ ಅಳೆದೆ. ಸೋರಿಕೆ ಮಿತಿಯನ್ನು ದಾಟಿತ್ತು. ನನ್ನ ಕೈಯೇ ತಪ್ಪಿತೇನೋ ಎಂದು ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು. ಡಾಕ್ಟರು ಹಳೆಯದಕ್ಕೆ ಹಳೆಯದನ್ನೇ ಹೋಲಿಸಿ ನೋಡಿ, "ಹೆಚ್ಚಾಗಿದೆ, ತಡ ಮಾಡಬೇಡಿ" ಎಂದರು. ಆ ಭಾನುವಾರವೇ ನಾನು ಸಿರುಗುಪ್ಪಕ್ಕೆ ಹೋದೆ.

ಅಲ್ಲಿ ಭಾವನ ಕಸುಬು ಎದುರಾಯಿತು. ಭತ್ತದ ತೇವ ನೋಡುವ ಮೀಟರು ರೈತನ ಹತ್ತಿರ ಒಂದಿರುತ್ತದೆ, ಗಿರಣಿಯವನ ಹತ್ತಿರ ಒಂದಿರುತ್ತದೆ. ಎರಡೂ ಬೇರೆ ಬೇರೆ ತೋರಿಸುತ್ತವೆ. ದಲ್ಲಾಳಿ ಎರಡರ ನಡುವಿನದನ್ನು ಗೊತ್ತುಮಾಡಿ, ಇಬ್ಬರ ಕೈ ಹಿಡಿದು ಕೂಡಿಸಿ, ಚಹಾ ತರಿಸುತ್ತಾನೆ. ಜೀವಮಾನವಿಡೀ ಹೀಗೆ ಜಗಳ ಬಿಡಿಸಿದ ಮನುಷ್ಯ ತನ್ನ ಎದೆಗೂ ಅದನ್ನೇ ಮಾಡಿದರು.

"ಹಳೇದು ಹೆಚ್ಚು ಅಂತೈತಿ, ಹೊಸಾದು ಕಮ್ಮಿ ಅಂತೈತಿ. ನಡುವಿಂದು ತಗೊಂಡ್ರ ಮಿತಿಯೊಳಗ ಐತಿ. ಮುಗೀತಲ್ಲ" ಎಂದರು.

"ಭಾವ, ಇದು ಭತ್ತ ಅಲ್ಲ."

"ನಿನ್ನ ಮಷೀನೇ ಎರಡು ಮಾತು ಆಡತೈತಿ. ಅದರ ಮಾತು ಕೇಳಿ ನಾನ್ಯಾಕ ಎದಿ ಕೊಯ್ಸಿಕೊಳ್ಳಲಿ?"

ನನ್ನ ಓದೆಲ್ಲ ಸೇರಿಸಿ ವಿವರಿಸಿದೆ. ಅಕ್ಕ ಅತ್ತಳು. ಭಾವ ನಮ್ಮಿಬ್ಬರಿಗೂ ಚಹಾ ಮಾಡಿಸಿದರು. ಅವರ ಪ್ರಕಾರ ವ್ಯವಹಾರ ಕುದುರಿತ್ತು. ವಾಪಸು ಬರುವ ಬಸ್ಸಿನಲ್ಲಿ ಸಿಟ್ಟಿನಿಂದ ನನಗೆ ಕಣ್ಣಲ್ಲಿ ನೀರು ಬಂತು; ಪಕ್ಕದ ಹೆಂಗಸು ಸ್ವೆಟರ್ ನೋಡಿ, ಜ್ವರ ಇರಬೇಕೆಂದು ದೂರ ಸರಿದಳು.

ಸುಗ್ಗಿ ಮುಗಿಯುವ ಮೊದಲೇ ಭಾವ ಗಿರಣಿಯ ಅಂಗಳದಲ್ಲಿ ಕುಸಿದರು. ಯಾರದೋ ಭತ್ತಕ್ಕೆ ನಡುವಿನ ಲೆಕ್ಕ ಗೊತ್ತುಮಾಡಿ ಇಬ್ಬರ ಕೈಯನ್ನೂ ಹಿಡಿದುಕೊಂಡಿದ್ದರಂತೆ. ಆಸ್ಪತ್ರೆಗೆ ಹೋಗುವಷ್ಟೂ ಸಮಯ ಸಿಗಲಿಲ್ಲ. ಮಣ್ಣಿಗೆ ಬಂದವರಲ್ಲಿ ಆ ರೈತ, ಆ ಗಿರಣಿಯವ ಇಬ್ಬರೂ ಇದ್ದರು. ಯಾರ ಮೀಟರು ಸರಿ ಎಂಬ ಮಾತು ಅಲ್ಲೂ ಮೆಲ್ಲಗೆ ನಡೆದಿತ್ತು. ನಾನು ಎದ್ದು ಒಳಗೆ ಹೋದೆ.

ಕಾರ್ಯ ಮುಗಿದ ಮೇಲೆ ಅಕ್ಕನನ್ನು ಕುರುಗೋಡಿಗೆ ಕರೆತಂದೆ. ಅವಳು ಊಟ ಬಿಟ್ಟಳು. ಎದೆ ಒತ್ತಿ ಹಿಡಿದುಕೊಂಡು, "ಇಲ್ಲಿ ಭಾಳ ನೋಯತೈತಿ" ಎನ್ನತೊಡಗಿದಳು. ಡಾಕ್ಟರನ್ನು ಕೇಳಿ, ಮರುದಿನವೇ ಬಸ್ಸು ಹತ್ತಿಸಿ ಬಳ್ಳಾರಿಗೆ ಕರೆದೊಯ್ದು, ನನ್ನ ಯಂತ್ರದೊಳಗೆ ಮಲಗಿಸಿದೆ. ಹಳೆಯದರಲ್ಲಿ ಅಳೆದೆ, ಹೊಸದರಲ್ಲಿ ಅಳೆದೆ. ನನ್ನ ನೌಕರಿಯಲ್ಲೇ ಮೊದಲ ಸಲ ಎರಡೂ ಒಂದೇ ಮಾತು ಹೇಳಿದವು: ಸೋರಿಕೆ ಇಲ್ಲ. ಡಾಕ್ಟರೂ ನೋಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದರು.

ಅಕ್ಕನಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಮತ್ಯಾಕ ನೋಯತೈತವ್ವ?"

ಸ್ವೆಟರನ್ನು ಅವಳಿಗೆ ಹೊದಿಸಿ, "ಇನ್ನೊಮ್ಮೆ ಮಲಕ್ಕೊ ಅಕ್ಕ, ಮತ್ತೊಮ್ಮೆ ಅಳೆದು ನೋಡೂಣು" ಎಂದೆ.