ಒಂದೇ ಕೀಲಿಮಣೆಯ ಇಬ್ಬರು ಸೊಸೆಯರ ಅಹವಾಲು

ಕಚೇರಿ ತಂತ್ರಾಂಶವನ್ನು ರಚಿಸಿ ಲೋಕಕ್ಕೆ ದಯಪಾಲಿಸಿದ ಮಾನ್ಯರೇ,

ತಮಗೂ, ತಮ್ಮ ಮನೆಮಂದಿಗೂ, ವಿಶೇಷವಾಗಿ ತಮ್ಮ ಹತ್ತು ಬೆರಳುಗಳಿಗೂ ಕ್ಷೇಮವನ್ನು ಕೋರುತ್ತಾ, ಬಸ್ ನಿಲ್ದಾಣದ ಎದುರಿನ ಟೈಪಿಂಗ್ ಅಂಗಡಿಯಿಂದ ಈ ಬಿನ್ನಹ. ತಮ್ಮ ತಂತ್ರಾಂಶದಲ್ಲಿ ‘ಶಾರ್ಟ್‌ಕಟ್‌ಗಳನ್ನು ನಿಮ್ಮಿಷ್ಟದಂತೆ ಬದಲಿಸಿಕೊಳ್ಳಿ’ ಎಂಬ ಕಿಟಕಿಯೊಂದಿದ್ದು, ಅಲ್ಲಿ ಯಾವ ಕೀಲಿಗೆ ಯಾವ ಕೆಲಸವನ್ನಾದರೂ ಒಪ್ಪಿಸಬಹುದು, ಬೇಡವಾದರೆ ಕಿತ್ತೂ ಹಾಕಬಹುದು. ಇಷ್ಟು ಉದಾರತೆಯನ್ನು ನಾನು ತವರಿನಲ್ಲೂ ಕಂಡವಳಲ್ಲ. ಆದರೆ ‘ನಿಮ್ಮಿಷ್ಟ’ ಎಂದರೆ ಯಾರ ಇಷ್ಟವೆಂದು ತಾವು ವಿಚಾರಿಸಲಿಲ್ಲ. ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಒಂದು, ಅದರ ಮುಂದೆ ಕೂರುವ ಸೊಸೆಯರು ಇಬ್ಬರು.

ಹಿರಿಯವರು ನನ್ನ ಓರಗಿತ್ತಿ. ನಾನು ಅಕ್ಕ ಎನ್ನುತ್ತೇನೆ. ಅವರಿಗೆ ತೂಕದ ಮಾತು ಇಷ್ಟ. ಗಿರಾಕಿ ‘ನಮ್ಮ ಯಜಮಾನರು ಒಳ್ಳೆಯವರು’ ಎಂದರೆ ಅಕ್ಕ ‘ಸದ್ಗುಣಸಂಪನ್ನರು’ ಎಂದು ಟೈಪ್ ಮಾಡುತ್ತಾರೆ. ಅವರು ಕಾಫಿಗೆ ಎದ್ದಾಗ ನಾನು ಕಂಟ್ರೋಲ್ ಜೊತೆ ಝಡ್ ಒತ್ತಿ, ಅವರು ಕೊನೆಗೆ ಟೈಪ್ ಮಾಡಿದ್ದನ್ನು ರದ್ದುಗೊಳಿಸಿ, ಸದ್ಗುಣಸಂಪನ್ನರನ್ನು ಮತ್ತೆ ಒಳ್ಳೆಯವರನ್ನಾಗಿ ಮಾಡುತ್ತಿದ್ದೆ. ಇದು ತಿಳಿದ ದಿನ ಅಕ್ಕ ಜಗಳವಾಡಲಿಲ್ಲ. ತಮ್ಮ ತಂತ್ರಾಂಶದ ಆ ಕಿಟಕಿಯನ್ನು ತೆರೆದು, ನನಗೆ ಪ್ರಿಯವಾದ ಕೀಲಿಗಳನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದರು. ನಾನು ಮರುದಿನ ಅವರವನ್ನು ಕಿತ್ತೆ. ಹೀಗೆ ಇಬ್ಬರೂ ಮಾತು ಬಿಟ್ಟು, ತಮ್ಮ ಕೃಪೆಯಿಂದ ಒಂದೂ ಕೆಟ್ಟ ಶಬ್ದ ಆಡದೆ, ಅತ್ಯಂತ ಸಭ್ಯವಾಗಿ ಹಗೆ ಸಾಧಿಸಿದೆವು. ಮಧ್ಯೆ ಕೂತು ಊಟ ಮಾಡುತ್ತಿದ್ದ ನಮ್ಮತ್ತೆಗೆ ಸಾರು ಬೇಕೆಂದರೂ ಯಾರನ್ನು ಕೇಳಬೇಕೆಂದು ತಿಳಿಯದಂತಾಯಿತು.

ಆಗ ಬಂದವರು ರೈಲು ಚಾಲಕರೊಬ್ಬರ ಹೆಂಡತಿ. ಅಂದೇ ಸಂಜೆ ಗಂಡನಿಗೆ ನಿವೃತ್ತಿಯ ಬೀಳ್ಕೊಡುಗೆ. ವೇದಿಕೆ ಹತ್ತಿ ಇವರೂ ನಾಲ್ಕು ಮಾತಾಡಬೇಕಂತೆ. ಬೆಳಿಗ್ಗೆ ಅಕ್ಕ ಅವರ ಭಾಷಣವನ್ನು ‘ತಾಳ್ಮೆಯ ಸಾಕಾರಮೂರ್ತಿಯೂ ಕರ್ತವ್ಯನಿಷ್ಠೆಯ ಹಿಮಾಲಯವೂ ಆದ’ ಎಂದು ಆರಂಭಿಸಿ ಭವ್ಯವಾಗಿ ಮುಗಿಸಿದ್ದರು. ಮಧ್ಯಾಹ್ನ ನಾನು ಕುರ್ಚಿಯಲ್ಲಿದ್ದಾಗ ಆಕೆ ಬಂದು, ಪರದೆಯತ್ತ ಬಗ್ಗಿ, ‘ಪ್ರಿಂಟ್ ತೆಗೆಯೋ ಮುಂಚೆ ಅಕ್ಷರ ಸ್ವಲ್ಪ ದಪ್ಪ ಮಾಡಿಕೊಡಮ್ಮಾ, ಕನ್ನಡಕ ಹಾಕ್ಕೊಂಡ್ರೂ ಕಾಣ್ಸಲ್ಲ’ ಎಂದರು. ನಾನು ಇಡೀ ಬರಹವನ್ನು ಆಯ್ದುಕೊಳ್ಳುವಷ್ಟರಲ್ಲಿ ಹೆಬ್ಬೆರಳು ಸ್ಪೇಸ್ ಬಾರಿಗೆ ತಗುಲಿ ಹಿಮಾಲಯ ಮಾಯವಾಯಿತು. ಗಾಬರಿಯಾಗಲಿಲ್ಲ, ಹಿಂದಿನ ದಿನವಷ್ಟೇ ಸರಿಪಡಿಸಿಕೊಂಡಿದ್ದ ಕಂಟ್ರೋಲ್ ಝಡ್ ಒತ್ತಿದೆ. ತಮ್ಮ ತಂತ್ರಾಂಶ ಆ ಖಾಲಿ ಹಾಳೆಯನ್ನು ಜೋಪಾನವಾಗಿ ಸೇವ್ ಮಾಡಿ, ಬಾಗಿಲು ಹಾಕಿಕೊಂಡಿತು. ಅಕ್ಕನ ಮಾತುಗಳನ್ನು ನಾನಿನ್ನು ಅಳಿಸಬಾರದೆಂದು ಅವರು ಬೆಳಿಗ್ಗೆಯೇ ಆ ಕೀಲಿಗೆ ‘ಸೇವ್ ಮಾಡಿ ಮುಚ್ಚು’ ಎಂಬ ಕೆಲಸ ವಹಿಸಿದ್ದರು! ಇಂಥ ವಿಧೇಯತೆಗೆ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ಆಜ್ಞೆ ಮಾಡಿದವರು ಯಾರು, ಕೆಟ್ಟದ್ದು ಯಾರ ಕೆಲಸ ಎಂದು ಅದು ಕಣ್ಣೆತ್ತಿಯೂ ನೋಡಲಿಲ್ಲ.

ಬೇರೆ ದಾರಿಯಿಲ್ಲದೆ ನಾನು ಅಂಗಡಿಯ ಹಿಂದಿನ ನಮ್ಮ ಮನೆಯೊಳಗೆ ಹೋಗಿ, ಎಷ್ಟೋ ದಿನಗಳ ಮೇಲೆ, ‘ಅಕ್ಕಾ, ಎಲ್ಲಾ ಹೋಯ್ತು’ ಎಂದೆ.

ಅಕ್ಕ ಓಡಿ ಬಂದು ಪರದೆ ನೋಡಿದರು, ನನ್ನ ಮುಖ ನೋಡಿದರು. ‘ಆ ಕೀಲಿ ಬದಲಾಯ್ಸಿದ್ದು ನಾನೇ ಕಣೇ’ ಎಂದು ಪಕ್ಕದ ಸ್ಟೂಲ್ ಎಳೆದು ಕೂತರು. ‘ಹಿಮಾಲಯ ಆದ್ಮೇಲೆ ಏನಿತ್ತು ಅಂತ ಒಂದಕ್ಷರ ನೆನಪಿಗೆ ಬರ್ತಿಲ್ಲ.’

‘ನನಗೂ ಇಲ್ಲ,’ ಎಂದರು ಚಾಲಕರ ಹೆಂಡತಿ. ‘ನಿಜ ಹೇಳ್ಲಾ? ಓದ್ತಾ ಇದ್ರೆ ಇದು ಯಾರ ಗಂಡನಪ್ಪಾ ಅನ್ನಿಸ್ತಿತ್ತು. ನಾನು ಹೇಳ್ತೀನಿ, ಹಂಗೇ ಬರ್ಕೊಳ್ಳಿ.’

ಹೇಳಿದರು. ಆತ ಮನೆಗೆ ಬಂದರೂ ಕಿಟಕಿಯ ಪಕ್ಕವೇ ಕೂರುತ್ತಾರಂತೆ. ಕರೆದರೆ ಒಂದು ಸ್ಟೇಷನ್ ದಾಟಿದ ಮೇಲೆ ‘ಹ್ಞಾಂ’ ಎನ್ನುತ್ತಾರಂತೆ. ಮಕ್ಕಳು ಹುಟ್ಟಿದಾಗ, ಬಿದ್ದು ಹಲ್ಲು ಮುರಿದುಕೊಂಡಾಗ, ಎಲ್ಲಕ್ಕೂ ಅವರು ದಾರಿಯಲ್ಲಿದ್ದರಂತೆ. ‘ಇನ್ಮೇಲೆ ದಿನಾ ಮನೇಲಿರ್ತಾರೆ. ಖುಷಿ ಎಷ್ಟೋ ಭಯಾನೂ ಅಷ್ಟೇ. ನಮಗಿಬ್ಬರಿಗೂ ಜೊತೇಲಿದ್ದು ಅಭ್ಯಾಸ ಇಲ್ಲ.’

ನಾನು ಟೈಪ್ ಮಾಡಿದೆ. ಅಕ್ಕನ ಬಾಯಲ್ಲಿ ‘ಸಾಕಾರ’ ಎಂಬುದು ಅರ್ಧ ಹೊರಟು ಅಲ್ಲೇ ನಿಂತಿತು. ಮರುದಿನ ಆಕೆ ಬಂದು, ಸಭೆಯವರೆಲ್ಲ ನಕ್ಕರೆಂದೂ, ಗಂಡ ಮಾತ್ರ ನಗದೆ, ಸಭೆ ಮುಗಿಯುವವರೆಗೂ ಹಿಡಿದ ಹೆಂಡತಿಯ ಕೈ ಬಿಡಲಿಲ್ಲವೆಂದೂ ಹೇಳಿದರು. ಅದನ್ನು ಕೇಳಿ ಅಕ್ಕ ಸೆರಗಿನಿಂದ ಕೀಲಿಮಣೆಯನ್ನು ಸುಮ್ಮನೆ ಒರೆಸುತ್ತಾ ಕೂತರು.

ಆದಕಾರಣ ತಮ್ಮಲ್ಲಿ ಕೋರುವುದೇನೆಂದರೆ, ಮನೆಯ ಇಬ್ಬರು ಒಂದೇ ಕೀಲಿಯನ್ನು ತಮ್ಮ ತಮ್ಮ ಇಷ್ಟಕ್ಕೆ ತಿರುಗಿಸಲು ಹೊರಟ ಕೂಡಲೇ ತಂತ್ರಾಂಶವು ಕೆಲಸ ನಿಲ್ಲಿಸಿ, ‘ಮೊದಲು ಮಾತಾಡಿಕೊಳ್ಳಿ’ ಎಂದು ಪರದೆಯ ಮೇಲೆ ತೋರಿಸಿ, ಮಾತು ಮುಗಿಯುವವರೆಗೆ ಕಾಯತಕ್ಕದ್ದು. ಜೊತೆಗೆ ಎರಡು ಲೋಟ ಕಾಫಿಯನ್ನೂ ಒದಗಿಸಿದರೆ ಉಪಕಾರವಾಗುತ್ತದೆ.

ಪ್ರತಿ ಸಾಲಿಗೊಮ್ಮೆ ಸೇವ್ ಮಾಡುವಷ್ಟರ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿ,
ಕಿರಿಯ ಸೊಸೆ

ತಾ.ಕ.: ಮುಂದಿನ ಆವೃತ್ತಿಯಲ್ಲಿ ತಮ್ಮ ತಂತ್ರಾಂಶವು ನಮ್ಮ ಮನಸ್ಸಿನಲ್ಲಿರುವುದನ್ನು ತಾನಾಗಿಯೇ ಊಹಿಸಲಿದೆ ಎಂಬ ಪ್ರಕಟಣೆ ನೋಡಿದೆವು. ಅದಕ್ಕೂ ಮೊದಲು ತಮ್ಮಲ್ಲಿ ಯಾರಾದರೊಬ್ಬರು ನಮ್ಮ ಮನೆಯಲ್ಲಿ ಒಂದು ತಿಂಗಳು ಸೊಸೆಯಾಗಿದ್ದು ಹೋಗಬೇಕೆಂದು ನಾವಿಬ್ಬರೂ, ಈ ಸಲ ಒಮ್ಮತದಿಂದ, ವಿನಂತಿಸುತ್ತೇವೆ.