ಗಲ್ಲಿಯಲ್ಲಿ ಇಟ್ಟ ಭಾಷಣ

ಸೈಫುದ್ದೀನ್ ಮಾಸ್ತರರ ತೊಂದರೆ ಶುರುವಾದದ್ದು ಧೂಳಮ್ಮನ ಎಮ್ಮೆಯನ್ನು ಅವರು ಬಹಳ ಹೊತ್ತು ನೋಡಿದ್ದರಿಂದ. ನೋಡಿ ಸುಮ್ಮನೆ ಹೋಗಿದ್ದರೂ ಆಗುತ್ತಿತ್ತು. ಅವರು ಎಮ್ಮೆಗೆ ಕೈಮುಗಿದು, ‘ದಯಾಳುಗಳಾದ ತಾವು’ ಎಂದು ಗೊಣಗಿ ಮುಂದಿನ ಮನೆಯ ಕಡೆ ನಡೆದರು.

ಅದು ೧೯೫೦ರ ಚಳಿಗಾಲ. ಬಸವಕಲ್ಯಾಣವನ್ನು ಆಗ ಬರೀ ಕಲ್ಯಾಣ ಎನ್ನುತ್ತಿದ್ದರು. ಎರಡು ವರ್ಷದ ಹಿಂದಿನ ಗಲಾಟೆಯಲ್ಲಿ ನಿಜಾಮರ ರಾಜ್ಯ ಹೋಗಿತ್ತು, ಅದರ ಹಿಂದೆಯೇ ಜಾಗೀರೂ ಹೋಗಿತ್ತು. ಹೋಗದೆ ಉಳಿದದ್ದು ಭಯ ಒಂದೇ. ಕಿಲ್ಲೆಯ ಕೆಳಗೆ ಮಾಸ್ತರರಿದ್ದ ಗಲ್ಲಿಗೆ ಸರಕಾರದ ಪಾಲಿನ ಲೆವಿ ಜೋಳಕ್ಕೆಂದು ಬಂದವರಿದ್ದರು, ಬಂದೂಕು ಹುಡುಕಲೆಂದು ಬಂದವರಿದ್ದರು, ಯಾಕೆ ಬಂದೆವೆಂದು ಹೇಳದೆಯೇ ಬಂದವರೂ ಇದ್ದರು. ಎಲ್ಲರೂ ಮೊದಲು ಮಾಡಿದ್ದು ಮನೆ ಎಣಿಸುವ ಕೆಲಸ. ಎಣಿಸಿದವರು ಏನನ್ನೂ ಒಯ್ಯದೆ ಹಿಂತಿರುಗಿದ್ದು ಗಲ್ಲಿಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮಾಸ್ತರರು ಕಲಿಸುತ್ತಿದ್ದದ್ದು ಮಾತನಾಡುವ ವಿದ್ಯೆ. ಗ್ರೀಸಿನವರೂ ರೋಮಿನವರೂ ಸಭೆಯಲ್ಲಿ, ನ್ಯಾಯಾಲಯದಲ್ಲಿ ಮಾತನಾಡುವುದನ್ನೇ ಒಂದು ಶಾಸ್ತ್ರ ಮಾಡಿಟ್ಟಿದ್ದರಂತೆ. ಆ ಶಾಸ್ತ್ರ ಅರಬ್ಬರ ಕೈಗೆ ಬಂದು, ಉರ್ದುವಿಗೆ ಇಳಿದು, ಹೈದರಾಬಾದಿನಲ್ಲಿ ಓದಿದ ಮಾಸ್ತರರ ಜೊತೆಗೆ ಜಾಗೀರಿನ ಒಂದು ಶಾಲೆಯ ಮೂಲೆಯ ಕೋಣೆಗೆ ಬಂದು ಕೂತಿತ್ತು. ಒಂದೇ ವಿಷಯದ ಪರವಾಗಿಯೂ ವಿರುದ್ಧವಾಗಿಯೂ ವಾದಿಸುವುದು ಅದರ ಮುಖ್ಯ ಅಭ್ಯಾಸ. ಒಮ್ಮೆ ಮಾಸ್ತರರು ‘ಈ ವಿದ್ಯೆ ಬೇಕೋ ಬೇಡವೋ’ ಎಂಬ ವಿಷಯವನ್ನೇ ಕೊಟ್ಟರು. ಬೇಡ ಎಂದವರು ಚೆನ್ನಾಗಿ ವಾದಿಸಿದರು. ನ್ಯಾಯವಂತರಾದ ಮಾಸ್ತರರು ಅವರೇ ಗೆದ್ದರೆಂದು ತೀರ್ಪು ಕೊಟ್ಟರು. ಮರುದಿನದಿಂದ ಅರ್ಧ ತರಗತಿ ಬರಲಿಲ್ಲ.

ಈಗ ಹೊಸ ಸರಕಾರದ ಅಧಿಕಾರಿಯೊಬ್ಬರು ಹುಮನಾಬಾದಿನಲ್ಲಿ ಕುಳಿತು, ಜಾಗೀರಿನ ಹಳೆಯ ನೌಕರರನ್ನು ಒಬ್ಬೊಬ್ಬರಾಗಿ ಕರೆದು, ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುತ್ತಿದ್ದರು. ಕಾಗದ ನೋಡಿ ಓದುವಂತಿರಲಿಲ್ಲ. ಎದುರು ನಿಂತು ಬಾಯಿಂದಲೇ ಹೇಳಬೇಕಿತ್ತು. ಎಮ್ಮೆಗೆ ಕೈಮುಗಿದ ಆ ದಿನವೇ ಮಾಸ್ತರರ ಸರದಿ. ನೌಕರಿ ಉಳಿದರೆ ಒಲೆ ಉರಿಯುತ್ತದೆ, ಹೋದರೆ ಹೆಂಡತಿ ಸರ್ವರಿಯನ್ನು ಅವಳ ತವರಿಗೆ ಕಳಿಸಿ ತಾವು ಎಲ್ಲಿಗಾದರೂ ಹೋಗಬೇಕು. ಇದು ಇಬ್ಬರಿಗೂ ಗೊತ್ತಿತ್ತು, ಆದ್ದರಿಂದ ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಊರ ಹುಡುಗರಿಗೆಲ್ಲ ಮಾತು ಕಲಿಸಿದ ಮಾಸ್ತರರಿಗೆ ತಮ್ಮ ಪರವಾಗಿ ಮಾತನಾಡುವ ಪ್ರಸಂಗ ಮಾತ್ರ ಹಿಂದೆ ಬಂದಿರಲಿಲ್ಲ. ವಾರದ ಹಿಂದೆ ಸರ್ವರಿಯ ಮುಂದೆ ನಿಂತು ಹೇಳಿ ನೋಡಿದರೆ ಎರಡನೆಯ ವಾಕ್ಯಕ್ಕೇ ನಾಲಗೆ ನಿಂತಿತು. ಉಪ್ಪು ತರಲು ಹೋಗಿ ಬರಿಗೈಯಲ್ಲಿ ಬರುವವರಿಗೆ ಇಷ್ಟುದ್ದದ ಮಾತು ಹೇಗೆ ನೆನಪಿರುತ್ತದೆ ಎಂದು ಅವಳು ಬೇಸರದಿಂದ ಕೇಳಿದಳು. ಆಗಲೇ ಅವರಿಗೆ ಹಳಬರ ಉಪಾಯ ಹೊಳೆದದ್ದು.

ಗ್ರೀಸಿನಲ್ಲಿ ಒಮ್ಮೆ ಔತಣದ ಮನೆಯ ಛಾವಣಿ ಕುಸಿದು ಉಣ್ಣಲು ಕೂತವರೆಲ್ಲ ಸತ್ತರಂತೆ. ಯಾರು ಯಾರೆಂದು ಗುರುತು ಸಿಗಲಿಲ್ಲ. ಆ ಗಳಿಗೆಯಲ್ಲಿ ಹೊರಗೆ ಹೋಗಿದ್ದ ಒಬ್ಬನು ಕಣ್ಣು ಮುಚ್ಚಿ, ಎಲ್ಲೆಲ್ಲಿ ಯಾರು ಕೂತಿದ್ದರು ಎಂದು ನೆನೆದು, ಎಲ್ಲರ ಹೆಸರನ್ನೂ ಹೇಳಿದನಂತೆ. ಜಾಗ ನೆನಪಿದ್ದರೆ ಜಾಗದಲ್ಲಿದ್ದದ್ದೂ ನೆನಪಿರುತ್ತದೆ. ಹಾಗಾಗಿ ರೋಮಿನ ವಕೀಲರು ಭಾಷಣದ ಒಂದೊಂದು ಭಾಗವನ್ನು ಮನಸ್ಸಿನಲ್ಲೇ ಒಂದೊಂದು ಜಾಗದಲ್ಲಿ ಇಟ್ಟು, ಮಾತನಾಡುವಾಗ ಅಲ್ಲಿ ನಡೆದುಹೋಗಿ ಎತ್ತಿಕೊಳ್ಳುತ್ತಿದ್ದರು. ಈ ಕತೆ ಹೇಳಿದರೆ ಮೊದಲು ಹುಡುಗರು ನಗುತ್ತಿದ್ದರು. ಎರಡು ವರ್ಷದಿಂದ ಯಾರೂ ನಗುತ್ತಿರಲಿಲ್ಲ.

ಮಾಸ್ತರರು ತಮ್ಮ ಭಾಷಣವನ್ನು ಗಲ್ಲಿಯಲ್ಲೇ ಇಟ್ಟರು. ಅಧಿಕಾರಿಯ ಹೊಗಳಿಕೆಯನ್ನು ಧೂಳಮ್ಮನ ಎಮ್ಮೆಯ ಮೇಲೆ, ತಮ್ಮ ಹನ್ನೊಂದು ವರ್ಷದ ಸೇವೆಯ ವಿವರವನ್ನು ಬಟ್ಟೆಗೆ ಬಣ್ಣ ಹಾಕುವ ಅಬ್ದುಲ್ ರಜಾಕನ ಹಂಡೆಯಲ್ಲಿ, ವಿದ್ಯೆಯ ಉಪಯೋಗದ ಪುರಾವೆಯನ್ನು ಬಡಿಗ ಮಡೆಪ್ಪ ಗೋಡೆಗೆ ಒರಗಿಸಿದ್ದ ಬಂಡಿಯ ಗಾಲಿಯ ಮೇಲೆ. ಕಣ್ಣೀರು ತರಿಸಬೇಕಾದ ಕೊನೆಯ ಮಾತನ್ನು ಅಬ್ದುಲ್ ಕರೀಮನ ಮನೆಯ ಬೀಗದ ಮೇಲೆ ಇಟ್ಟರು. ಕರೀಂ ಗಲಾಟೆಯ ವರ್ಷ ಹೆಂಡತಿ, ಅತ್ತೆಯೊಡನೆ ಊರು ಬಿಟ್ಟಿದ್ದ. ಬೀಗ ತುಕ್ಕು ಹಿಡಿದಿತ್ತು.

ವಾರದಿಂದ ಬೆಳಿಗ್ಗೆ ಸಂಜೆ ಅವರು ಈ ದಾರಿಯಲ್ಲಿ ನಡೆದು ಅಭ್ಯಾಸ ಮಾಡುತ್ತಿದ್ದರು. ಒಂದೊಂದು ಬಾಗಿಲಿಗೂ ನಿಲ್ಲುವುದು, ದಿಟ್ಟಿಸಿ ನೋಡುವುದು, ಗೊಣಗುವುದು, ಬೆರಳು ಮಡಚುವುದು. ಗಲ್ಲಿಯವರು ವಾರವಿಡೀ ನೋಡಿ ನೋಡಿ ಹೆದರಿದ್ದರು. ಅಂದು ಬೆಳಿಗ್ಗೆ ಎಮ್ಮೆಗೇ ಕೈಮುಗಿದ ಮೇಲೆ ಧೂಳಮ್ಮನಿಗೆ ತಡೆಯಲಾಗಲಿಲ್ಲ. ಅವಳು ರಜಾಕನನ್ನು ಕೂಗಿ ಕರೆದಳು.

“ನನ್ನ ಎಮ್ಮಿಗಿ ಕೈ ಮುಗುದು ಹೋದ್ನಪ್ಪಾ. ಒಯ್ಯೋ ಮುಂದ ಹಿಂಗೇ ಮರ್ಯಾದಿ ಮಾಡ್ತಾರ.”

ರಜಾಕ ಕೈಯ ಬಣ್ಣ ಒರೆಸಿಕೊಳ್ಳುತ್ತ ಬಂದ. “ನನ್ನ ಹಂಡೇದಾಗ ಇಣುಕಿ, ಹನ್ನೊಂದು ವರ್ಷದ್ದು ಅಂದ್ರು, ಅವ್ವಾ. ಹನ್ನೊಂದು ವರ್ಷದ ಕರಪಟ್ಟಿ ಒಮ್ಮೇ ವಸೂಲ್ ಮಾಡ್ತಾರೇನೋ.”

ಮಡೆಪ್ಪನ ಸಂಕಟ ಬೇರೆ. ಮಾಸ್ತರರು ಅವನ ಗಾಲಿಗೆ ಬೆರಳು ತೋರಿಸಿ ‘ಪುರಾವೆ ಇಲ್ಲೇ ಇದೆ’ ಎಂದಿದ್ದರು. ಆ ಗಾಲಿಯ ಕಟ್ಟಿಗೆ ಎಲ್ಲಿಂದ ಬಂತು ಎಂಬುದು ಮಡೆಪ್ಪನಿಗೆ ಮಾತ್ರ ಗೊತ್ತಿತ್ತು. ಮಾಸ್ತರರು ಯಾರಿಗೋ ಗುಟ್ಟಾಗಿ ಮನೆ ಎಣಿಸಿ ಕೊಡುತ್ತಿದ್ದಾರೆ ಎಂದು ಮೂವರೂ ಕೂಡಿ ತೀರ್ಮಾನಿಸಿದರು. ಮಾಸ್ತರರು ಶೇರವಾನಿ ತೊಟ್ಟು ಕೊನೆಯ ಸಲ ದಾರಿ ನೋಡಲು ಹೊರಬರುವಷ್ಟರಲ್ಲಿ ಎಮ್ಮೆ ಒಳಗೆ ಹೋಗಿತ್ತು, ಹಂಡೆ ಅಡಗಿತ್ತು, ಗಾಲಿ ಮಾಯವಾಗಿತ್ತು, ಬಾಗಿಲುಗಳೆಲ್ಲ ಮುಚ್ಚಿದ್ದವು. ಎಮ್ಮೆಯ ಜಾಗದಲ್ಲಿ ಗೂಟ ಮಾತ್ರ ಇತ್ತು. ಮಾಸ್ತರರು ಗೂಟದ ಮುಂದೆ ನಿಂತು ಮೊದಲ ಮಾತು ಹುಡುಕಿದರು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಹುಮನಾಬಾದಿನ ಬಸ್ಸಿನಲ್ಲಿ ನೋಡಿದರೆ ಧೂಳಮ್ಮ, ರಜಾಕ, ಮಡೆಪ್ಪ ಮೂವರೂ ಮೊದಲೇ ಕೂತಿದ್ದರು. ಎಲ್ಲಿಗೆ ಎಂದು ಕೇಳಿದರೆ ಮಡೆಪ್ಪ ಕಿಟಕಿಯ ಕಡೆ ತಿರುಗಿಯೇ, ಸಾಹೇಬರ ಹತ್ತಿರ ಸ್ವಲ್ಪ ಕೆಲಸ ಅದ ಎಂದ. ತಮ್ಮ ಪರವಾಗಿ ನಾಲ್ಕು ಮಾತು ಹೇಳಲು ಇಡೀ ಗಲ್ಲಿ ಕೆಲಸ ಬಿಟ್ಟು ಹೊರಟಿದೆ, ಹೇಳಿಕೊಳ್ಳಲು ಮಾತ್ರ ನಾಚಿಕೆ ಎಂದು ಮಾಸ್ತರರು ಅಂದುಕೊಂಡರು. ಅವರು ಬಿಸಿ ಶೇಂಗಾ ಕೊಂಡು ಮೂವರಿಗೂ ಹಂಚಿದರು. ಧೂಳಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳೇ ಹೊರತು ತಿನ್ನಲಿಲ್ಲ. ಅಪರಾಧಿಯ ಲಂಚ ತಿಂದು ಅವನ ಮೇಲೇ ದೂರು ಹೇಳುವುದು ಅವಳಿಗೆ ಸರಿ ಕಾಣಲಿಲ್ಲ.

ಕಚೇರಿಯಲ್ಲಿ ಗದ್ದಲ ಮಾಡಿದ್ದರಿಂದ ಆ ಮೂವರನ್ನೇ ಮೊದಲು ಒಳಗೆ ಬಿಟ್ಟರು. ಮಾಸ್ತರರು ಹೊರಗೆ ಬೆಂಚಿನ ಮೇಲೆ ಕೂತು, ಒಳಗಿನಿಂದ ತಮ್ಮ ಹೆಸರು ಮತ್ತೆ ಮತ್ತೆ ಕೇಳಿಬಂದಾಗಲೆಲ್ಲ ಕಣ್ಣೊರೆಸಿಕೊಂಡರು. ಹೊರಬಂದ ಮೂವರೂ ಅವರ ಮುಖ ನೋಡದೆ ಹೋದರು. ಮಾಸ್ತರರ ವ್ಯವಸ್ಥೆ ತಾವು ಮಾಡುತ್ತೇವೆಂದು ಸಾಹೇಬರು ಹೇಳಿದರಲ್ಲ, ಇನ್ನೇನು ಚಿಂತೆ ಎಂದು ರಜಾಕ ಧೂಳಮ್ಮನಿಗೆ ಹೇಳಿದ್ದು ಮಾತ್ರ ಮಾಸ್ತರರ ಕಿವಿಗೆ ಬಿತ್ತು. ಆ ದಿನದಲ್ಲಿ ಅವರು ಸುಖಪಟ್ಟದ್ದು ಅಷ್ಟು ಹೊತ್ತು ಮಾತ್ರ.

ಒಳಗೆ ಹೋಗಿ ನಿಂತು, ಕಣ್ಣು ಅರೆಮುಚ್ಚಿ, ಮನಸ್ಸಿನಲ್ಲಿ ಗಲ್ಲಿಯ ತುದಿಗೆ ಬಂದರು. ಎಮ್ಮೆ ಇರಲಿಲ್ಲ. ಎಷ್ಟು ಹುಡುಕಿದರೂ ಗೂಟವೇ ಕಾಣುತ್ತಿತ್ತು. ಹೊಗಳಿಕೆ ಬಿಟ್ಟು ಮುಂದೆ ಹೋದರು. ಹಂಡೆ ಇಟ್ಟಿದ್ದ ಕಡೆ ನೆಲದ ಮೇಲೆ ನೀಲಿ ಗುರುತು ಇತ್ತು, ಹನ್ನೊಂದು ವರ್ಷದ ಸೇವೆ ಇರಲಿಲ್ಲ. ಗಾಲಿ ಇಲ್ಲ, ಪುರಾವೆ ಇಲ್ಲ. ಎಲ್ಲ ಕಡೆ ಮುಚ್ಚಿದ ಬಾಗಿಲು.

ಅಧಿಕಾರಿ ಧಾರವಾಡದ ಕಡೆಯವರು, ಕೆಟ್ಟವರಲ್ಲ. ಏನು ಕಲಿಸುತ್ತೀರಿ ಎಂದು ಮೆಲ್ಲಗೆ ಕೇಳಿದರು. ಮಾತನಾಡುವುದನ್ನು ಎಂದು ಮಾಸ್ತರರು ಬಹಳ ಕಷ್ಟದಿಂದ ಹೇಳಿದರು. ಅಧಿಕಾರಿ ಮಾತು ಬದಲಿಸಿದರು.

“ಮಾಸ್ತರ, ನೀವು ದಿನಾ ಒಂದೊಂದ ಮನೀ ಮುಂದ ನಿಂತು ನೋಡತೀರಂತ. ಖರೇನ?”

ಗಲ್ಲಿಯವರು ತಮ್ಮ ವಿದ್ಯೆಯ ಬಗ್ಗೆಯೂ ಹೇಳಿದ್ದಾರಲ್ಲ ಎಂದು ಮಾಸ್ತರರಿಗೆ ಜೀವ ಬಂತು. “ಖರೇರಿ ಸಾಹೇಬರ.”

“ಎಲ್ಲಾ ಮನೀ ನೆನಪ ಅದಾವೇನು?”

“ಕಣ್ಣು ಮುಚ್ಚಿದ್ರೂ ಅದಾವ್ರಿ.”

ಹೇಳಿರಿ ಎಂದರು ಅಧಿಕಾರಿ. ಮಾಸ್ತರರು ಹೇಳತೊಡಗಿದರು. ಇಟ್ಟ ಭಾಷಣ ಹೋಗಿತ್ತು, ಇಟ್ಟ ಜಾಗ ಹೋಗಿರಲಿಲ್ಲ. ಯಾವ ಬಾಗಿಲು ಯಾವ ದಿಕ್ಕಿಗೆ, ಯಾರ ಹಿತ್ತಲು ಯಾರ ಗೋಡೆಗೆ, ಯಾವ ಮನೆಯಲ್ಲಿ ಎಷ್ಟು ಜನ, ಎಲ್ಲವೂ ತೊದಲದೆ ಬಂತು. ಹನ್ನೊಂದು ವರ್ಷದಲ್ಲಿ ಅವರು ಅಷ್ಟು ಚೆನ್ನಾಗಿ ಎಂದೂ ಮಾತನಾಡಿರಲಿಲ್ಲ. ಕೊನೆಗೆ ಕರೀಮನ ಮನೆಗೆ ಬಂದು ನಿಂತರು.

“ಇಲ್ಲಿ ಯಾರ ಅದಾರ?” ಎಂದರು ಅಧಿಕಾರಿ.

“ಈಗ ಯಾರೂ ಇಲ್ರಿ. ಜಗಲಿ ಮ್ಯಾಲ ಬಲಕ್ಕ ಅಬ್ದುಲ್ ಕರೀಂ ಕೂಡ್ತಿದ್ರು. ಎಡಕ್ಕ ಅವರ ಅತ್ತಿ ಬಿಸ್ಮಿಲ್ಲಾ ಬೀ. ಅವರ ಹೆಂಡ್ತಿ ಅಸ್ಗರಿ ಬಾಗಿಲದಾಗ ನಿಂದರ್ತಿದ್ರು.”

“ಎಲ್ಲಿ ಹೋದ್ರು?”

“ಗೊತ್ತಿಲ್ರಿ.”

“ಇರಲಿ ಬಿಡ್ರಿ. ಖಾಲಿ ಮನೀಗೂ ನಂಬರ್ ಹಾಕಬೇಕಾಗತದ.”

ಹೊಸ ವರ್ಷದಲ್ಲಿ ಜನಗಣತಿ ಇತ್ತು. ಅದಕ್ಕೆ ಮೊದಲು ಮನೆಗಳಿಗೆ ನಂಬರು ಬರೆಯಬೇಕು. ಕಲ್ಯಾಣದ ಗಲ್ಲಿಗಳಲ್ಲಿ ಜನ ಕಲ್ಲು ಹಿಡಿಯುತ್ತಾರೆಂದು ಆ ಕೆಲಸಕ್ಕೆ ಯಾರೂ ಒಪ್ಪಿರಲಿಲ್ಲ. ನಿಮ್ಮ ಗಲ್ಲಿಯವರು ದೂರು ಕೊಡಲು ಬಂದಿದ್ದರು, ನನಗೆ ಅದೇ ಶಿಫಾರಸು ಆಯಿತು ಎಂದು ಅಧಿಕಾರಿ ನಕ್ಕರು. ಶಾಲೆಯಲ್ಲಿ ಆ ತರಗತಿ ಇನ್ನಿಲ್ಲ. ಗಣತಿ ಮುಗಿಯುವವರೆಗೆ ಈ ಕೆಲಸ, ಆಮೇಲೆ ಏನೆಂದು ಅವರಿಗೂ ಗೊತ್ತಿಲ್ಲ. ಅವರು ಮಾಸ್ತರರ ಕೈಗೆ ಡಾಂಬರಿನ ಡಬ್ಬಿ, ಒಂದು ಬ್ರಷ್ಷು ಕೊಡಿಸಿದರು. ಇವತ್ತೇ, ನಿಮ್ಮ ಗಲ್ಲಿಯಿಂದಲೇ ಶುರು ಮಾಡಿರೆಂದರು.

ದೂರು! ಬಸ್ಸಿನಲ್ಲಿ ಮಾಸ್ತರರು ಆ ಒಂದೇ ಮಾತನ್ನು ದಾರಿಯುದ್ದಕ್ಕೂ ಅಗಿದರು. ತಾವು ಹಂಚಿ ಉಳಿದಿದ್ದ ಶೇಂಗಾವನ್ನು ಕಿಟಕಿಯಾಚೆ ಚೆಲ್ಲಿದರು.

ಸಂಜೆ ಗಲ್ಲಿಗೆ ಬಂದಾಗ ಆ ಮೂವರು ಮೊದಲಿನ ಬಸ್ಸಿಗೇ ಬಂದು ನಿಶ್ಚಿಂತರಾಗಿದ್ದರು. ಪೀಡೆ ಕಳೆಯಿತೆಂದು ಎಲ್ಲವನ್ನೂ ಹೊರಗಿಟ್ಟಿದ್ದರು. ಗೂಟದಲ್ಲಿ ಎಮ್ಮೆ ನಿಂತಿತ್ತು, ಹಂಡೆಯಿಂದ ಹಬೆ ಏಳುತ್ತಿತ್ತು, ಗಾಲಿ ಗೋಡೆಗೆ ಒರಗಿತ್ತು. ಎಮ್ಮೆಯನ್ನು ಕಂಡ ಕೂಡಲೇ ‘ದಯಾಳುಗಳಾದ ತಾವು’ ಎಂದು ಭಾಷಣ ತಾನಾಗಿ ಬಾಯಿಗೆ ಬಂತು. ಹಂಡೆಯಿಂದ ಸೇವೆ ಬಂತು, ಗಾಲಿಯಿಂದ ಪುರಾವೆ ಬಂತು. ಹಿಂದೆಯೇ ಬಾಗಿಲುಗಳು ಒಂದೊಂದಾಗಿ ಮುಚ್ಚತೊಡಗಿದವು. ಅವರ ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲರೂ ನೋಡಿದ್ದರು.

ಮಾಸ್ತರರು ಒಂದು ಬಾಗಿಲ ಮುಂದೆ ನಿಂತು, ನಾನು ನಿಮ್ಮವನೇ, ಇದು ಬರೀ ನಂಬರು ಎಂದು ಹೇಳಿ ನೋಡಿದರು. ಒಳಗಿನಿಂದ ಅಗಳಿ ಹಾಕಿದ ಸದ್ದು ಬಂತು. ತಮ್ಮ ಮನೆಯ ಬಾಗಿಲಲ್ಲಿ ಸರ್ವರಿ ನಿಂತಿದ್ದಳು. ಡಬ್ಬಿ ನೋಡಿ ಅವಳೂ ಒಳಗೆ ಹೋದಳು.

ಕರೀಮನ ಬಾಗಿಲು ಮಾತ್ರ ಅವರನ್ನು ಕಂಡು ಮುಚ್ಚಲಿಲ್ಲ. ಅದು ಮೊದಲೇ ಮುಚ್ಚಿತ್ತು. ಮಾಸ್ತರರು ಅದರ ಮೇಲೆ ನಂಬರು ಬರೆದು, ಬ್ರಷ್ಷು ಕೆಳಗಿಟ್ಟು, ಬೀಗದ ಮುಂದೆ ನಿಂತರು. ಅಲ್ಲಿಟ್ಟಿದ್ದ ಕೊನೆಯ ಮಾತು ಅಲ್ಲೇ ಇತ್ತು. ನಮಗೆ ಬೇರೆ ಊರಿಲ್ಲ, ನಮ್ಮನ್ನು ಕೈಬಿಡಬೇಡಿರಿ ಎಂದು ಕೈಯೆತ್ತಿ, ಶಾಸ್ತ್ರದಲ್ಲಿ ಹೇಳಿದಂತೆ ದನಿ ಇಳಿಸಿ ಹೇಳಿದರು. ಕಣ್ಣೀರು ಬರಬೇಕಾದ ಕಡೆ ಬಂತು.

ಬಾಗಿಲ ಸಂದಿಯಿಂದ ಧೂಳಮ್ಮ ನೋಡುತ್ತಿದ್ದಳು. “ನಾ ಹೇಳಿಲ್ಲೇನು,” ಎಂದು ಪಕ್ಕದ ಗೋಡೆಯಾಚೆಯ ರಜಾಕನಿಗೆ ಪಿಸುಗುಟ್ಟಿದಳು. “ಈಗ ಬೀಗಾನೂ ಎಣಸಾಕತ್ಯಾನ.”

ಮಾಸ್ತರರಿಗೆ ಅದು ಕೇಳಿಸಲಿಲ್ಲ. ಅವರು ಭಾಷಣವನ್ನು ಕೊನೆಯವರೆಗೂ ಮುಗಿಸಿದ್ದರು, ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.